ಕನ್ನಡಿಗರಿಗೆ ಎಸ್ಪೆರಾಂತೊ: ಉಚ್ಚಾರಣೆ ಮತ್ತು ಮೊದಲ ವ್ಯಾಕರಣ

ಬೇರೆಬೇರೆ ನುಡಿಯವರ ನಡುವಿನ ಸಂಪರ್ಕಕ್ಕಾಗಿ ರೂಪಿಸಿದ ಕೃತಕ ಭಾಷೆಯಾದ ಎಸ್ಪೆರಾಂತೊ ಕಲಿಯಲು ಹೊರಟ ಕನ್ನಡಿಗರ ಕೈಗೆ ಸಾಮಾನ್ಯವಾಗಿ ಸಿಗುವುದು ಇಂಗ್ಲಿಷ್ ಬಲ್ಲವರಿಗಾಗಿ ಬರೆದ ಪಾಠಗಳು. ಅವು ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಬಹಳ ಕಷ್ಟದ ಸಂಗತಿಯೆಂಬಂತೆ ದೀರ್ಘವಾಗಿ ವಿವರಿಸುತ್ತವೆ, ಸ್ವರಾಘಾತವನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ವಿಭಕ್ತಿಗಳ ನಡುವೆಯೇ ಮಾತು ಕಲಿತ ನಮಗೆ ಮೊದಲನೆಯದು ಅಂಥ ಭಾರವಲ್ಲ. ಪದದ ಒಂದು ಭಾಗಕ್ಕೆ ಮಾತ್ರ ಬಲ ಕೊಟ್ಟು ನುಡಿಯುವ ರೂಢಿಯಿಲ್ಲದ ನಮಗೆ ಎರಡನೆಯದಕ್ಕೇ ಹೆಚ್ಚು ಸಾಧನೆ ಬೇಕು. ಈ ಭಾಷೆಯನ್ನು ಇಂಗ್ಲಿಷಿನ ಮೂಲಕ ಹಾಯ್ದು ಹೋಗದೆ ನೇರವಾಗಿ ಕನ್ನಡದಿಂದಲೇ ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾರ್ಗದರ್ಶಿಯನ್ನು ಬರೆದಿರುವುದೂ ಅದಕ್ಕಾಗಿಯೇ.

ಈ ಭಾಷೆಯನ್ನು ರೂಪಿಸಿದವರು 1859ರಲ್ಲಿ ಹುಟ್ಟಿದ, ವೃತ್ತಿಯಿಂದ ಕಣ್ಣಿನ ವೈದ್ಯರಾಗಿದ್ದ ಲುದ್ವಿಕ್ ಜ಼ಾಮೆನ್‌ಹೊಫ಼್. 1887ರಲ್ಲಿ ವಾರ್ಸಾ ನಗರದಲ್ಲಿ ಅದರ ಮೊದಲ ಪಾಠಪುಸ್ತಕ ಅಚ್ಚಾಯಿತು. 1905ರಲ್ಲಿ ಫ್ರಾನ್ಸಿನ ಬುಲೋನ್ ಪಟ್ಟಣದಲ್ಲಿ ನಡೆದ ಮೊದಲ ವಿಶ್ವ ಸಮ್ಮೇಳನವು 16 ನಿಯಮಗಳ ಮೂಲ ವ್ಯಾಕರಣವನ್ನು ಯಾರೂ ಬದಲಿಸಬಾರದ ಆಧಾರವೆಂದು ಒಪ್ಪಿಕೊಂಡಿತು. ಹೀಗಾಗಿ ಅಂದಿನ ವಾಕ್ಯಗಳನ್ನು ಇಂದು ಕಲಿತವರೂ ತೊಡಕಿಲ್ಲದೆ ಓದಬಲ್ಲರು.

ಬರಹ ಮತ್ತು ಸ್ವರಗಳು

ಎಸ್ಪೆರಾಂತೊವಿನ ಲಿಪಿ ಲ್ಯಾಟಿನ್. ಅದರಲ್ಲಿ 28 ಅಕ್ಷರಗಳಿದ್ದು, ಐದು ಸ್ವರ, 23 ವ್ಯಂಜನ. ಇಂಗ್ಲಿಷಿನ ಕ್ಯೂ, ಡಬ್ಲ್ಯು, ಎಕ್ಸ್, ವೈ ಅಕ್ಷರಗಳು ಇಲ್ಲಿಲ್ಲ. ಅವುಗಳ ಬದಲು ತಲೆಯ ಮೇಲೆ ಟೋಪಿಯಂಥ ಚಿಹ್ನೆ ಹೊತ್ತ ಸಿ, ಜಿ, ಎಚ್, ಜೆ, ಎಸ್ ಅಕ್ಷರಗಳೂ ಮೇಲೆ ಬಟ್ಟಲಿನಂಥ ಗೆರೆಯುಳ್ಳ ಯು ಅಕ್ಷರವೂ ಸೇರಿವೆ. ಕೀಲಿಮಣೆಯಲ್ಲಿ ಇವು ಸಿಗದಿದ್ದಾಗ ಅಕ್ಷರದ ನಂತರ ಎಕ್ಸ್ ಒತ್ತಿ ಚಿಹ್ನೆಯನ್ನು ಸೂಚಿಸುವ ರೂಢಿ ವ್ಯಾಪಕವಾಗಿದೆ. ಎಕ್ಸ್ ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲವಾದ್ದರಿಂದ ಗೊಂದಲವಾಗುವುದಿಲ್ಲ. ಒಂದು ಅಕ್ಷರಕ್ಕೆ ಒಂದೇ ಧ್ವನಿ, ಒಂದು ಧ್ವನಿಗೆ ಒಂದೇ ಅಕ್ಷರ. ಬರೆದ ಯಾವ ಅಕ್ಷರವೂ ಮೌನವಾಗಿ ಉಳಿಯುವುದಿಲ್ಲ. ಬರೆದಂತೆ ಓದುವ ಅಭ್ಯಾಸವಿರುವ ನಮಗೆ ಇದು ಹೊಸದಲ್ಲ.

ಸ್ವರಗಳು ಆ, ಎ, ಇ, ಒ, ಉ. ಮೊದಲನೆಯದನ್ನು ನಾನು ಬೇಕೆಂದೇ 'ಅ' ಎಂದು ಬರೆದಿಲ್ಲ. ಕನ್ನಡದ ಹ್ರಸ್ವ ಅಕಾರದಲ್ಲಿ ಬಾಯಿ ಅರ್ಧವಷ್ಟೇ ತೆರೆದಿರುತ್ತದೆ. ಎಸ್ಪೆರಾಂತೊವಿನಲ್ಲಿ ಆಕಾರದಷ್ಟು ಅಗಲವಾಗಿ ತೆರೆಯಬೇಕು, ಆದರೆ ಅಷ್ಟು ಹೊತ್ತು ಎಳೆಯಬಾರದು. ಈ ಬರಹದುದ್ದಕ್ಕೂ ಆ ಸ್ವರವನ್ನು ಆಕಾರದಿಂದಲೇ ತೋರಿಸಿದ್ದೇನೆ. ಅದು ಬಾಯಿಯ ಆಕೃತಿಯ ಸೂಚನೆಯೇ ಹೊರತು ದೀರ್ಘದ ಸೂಚನೆಯಲ್ಲ. ಹ್ರಸ್ವ, ದೀರ್ಘಗಳಿಂದ ಅರ್ಥ ಬದಲಾಗುವ ಪದ್ಧತಿ ಈ ಭಾಷೆಯಲ್ಲಿ ಇಲ್ಲ.

ನಮ್ಮ ನಾಲಿಗೆಯ ಎರಡು ಹಳೆಯ ರೂಢಿಗಳನ್ನು ಇಲ್ಲಿ ತಡೆಹಿಡಿಯಬೇಕಾಗುತ್ತದೆ. ಮಾತಿನಲ್ಲಿ ನಾವು 'ಎಲ್ಲಿ' ಎಂಬುದನ್ನು 'ಯೆಲ್ಲಿ' ಎಂದೂ 'ಒಂದು' ಎಂಬುದನ್ನು 'ವೊಂದು' ಎಂದೂ ಅರಿವಿಲ್ಲದೆ ಹೇಳುತ್ತೇವೆ. ಎಸ್ಪೆರಾಂತೊವಿನಲ್ಲಿ ಯಕಾರ, ವಕಾರಗಳು ಬೇರೆಯೇ ಅಕ್ಷರಗಳಾದ್ದರಿಂದ 'ಎಸ್ತಾಸ್' (ಇದೆ, ಇದ್ದಾನೆ) ಎಂಬುದನ್ನು 'ಯೆಸ್ತಾಸ್' ಎಂದರೆ ತಪ್ಪು, 'ಒವೊ' (ಮೊಟ್ಟೆ) ಎಂಬುದನ್ನು 'ವೊವೊ' ಎಂದರೂ ತಪ್ಪು. ಎರಡನೆಯ ರೂಢಿ ಸಂಧಿಯದು. ಎರಡು ಸ್ವರಗಳು ಎದುರಾದರೆ ನಾವು ಒಂದನ್ನು ಲೋಪಮಾಡುತ್ತೇವೆ, ಇಲ್ಲವೆ ನಡುವೆ ಯಕಾರ ಅಥವಾ ವಕಾರವನ್ನು ತರುತ್ತೇವೆ. ಇಲ್ಲಿ ಲೋಪವೂ ಇಲ್ಲ, ಆಗಮವೂ ಇಲ್ಲ. 'ಲಾ ಆಮಿಕೊ' (ಆ ಸ್ನೇಹಿತ) ಎಂಬುದು 'ಲಾಮಿಕೊ' ಆಗಬಾರದು. 'ಹೆರೊಒ' (ವೀರ) ಎಂಬುದರಲ್ಲಿ ಮೂರು ಸ್ವರಗಳೂ ಬೇರೆಬೇರೆಯಾಗಿ ಕೇಳಬೇಕು. 'ಎಲ್ಲಿ' ಎಂಬ ಅರ್ಥದ ಪದವನ್ನು ನಾನು 'ಕಿಯೆ' ಎಂದು ಬರೆಯದೆ 'ಕಿಎ' ಎಂದು ಬರೆಯುವುದು ಈ ಕಾರಣದಿಂದ.

ವ್ಯಂಜನಗಳು

ತಕಾರ, ದಕಾರಗಳನ್ನು ದಂತ್ಯವಾಗಿಯೇ ನುಡಿಯಿರಿ. ಇಂಗ್ಲಿಷಿನ ಅಕ್ಷರ ಕಂಡೊಡನೆ ಟ, ಡ ಎನ್ನುವ ಅಭ್ಯಾಸ ನಮ್ಮಲ್ಲಿ ಬಲವಾಗಿರುವುದರಿಂದಲೇ ಭಾಷೆಯ ಹೆಸರನ್ನೂ ಹಲವರು 'ಎಸ್ಪೆರಾಂಟೊ' ಎನ್ನುತ್ತಾರೆ. ಮೂರ್ಧನ್ಯಗಳಾದ ಟ, ಡ, ಣ, ಷ, ಳ ಇಲ್ಲಿಲ್ಲ; ಮಹಾಪ್ರಾಣಗಳೂ ಇಲ್ಲ. ಕ, ಪ, ತಗಳನ್ನು ಉಸಿರು ಸೇರಿಸದೆ ನುಡಿಯುವುದರಲ್ಲಿ ನಮಗೆ ಇಂಗ್ಲಿಷ್ ಮಾತಿನವರಿಗಿಂತ ಸ್ಪಷ್ಟವಾದ ಅನುಕೂಲವಿದೆ. ರಕಾರವನ್ನೂ ಕನ್ನಡದಂತೆಯೇ ನಾಲಿಗೆಯ ತುದಿ ಅದುರಿಸಿ ಹೇಳಿದರೆ ಸಾಕು.

ಟೋಪಿಯಿಲ್ಲದ ಸಿ ಅಕ್ಷರಕ್ಕೆ 'ಉತ್ಸವ' ಪದದಲ್ಲಿರುವ ತ್ಸಕಾರದ ಧ್ವನಿ. ಅದನ್ನು ಎಂದೂ ಕ ಅಥವಾ ಸ ಎಂದು ಓದಬಾರದು. ಟೋಪಿಯಿರುವ ಸಿ ಅಕ್ಷರಕ್ಕೆ ಚಕಾರ, ಟೋಪಿಯಿರುವ ಜಿ ಅಕ್ಷರಕ್ಕೆ ಜಕಾರ, ಟೋಪಿಯಿಲ್ಲದ ಜಿ ಅಕ್ಷರಕ್ಕೆ ಸದಾ ಗಕಾರ. ಟೋಪಿಯಿಲ್ಲದ ಜೆ ಅಕ್ಷರಕ್ಕೆ ಯಕಾರದ ಧ್ವನಿ ಎಂಬುದನ್ನು ಮೊದಲ ದಿನವೇ ಮನಸ್ಸಿಗೆ ತಂದುಕೊಳ್ಳಿ, ಏಕೆಂದರೆ ಬಹುವಚನದ ಗುರುತೇ ಅದು. ಟೋಪಿಯಿರುವ ಜೆ ಕನ್ನಡದಲ್ಲಿಲ್ಲದ ಧ್ವನಿ: ಶಕಾರಕ್ಕೆ ಇಡುವ ಹಾಗೆಯೇ ನಾಲಿಗೆಯನ್ನಿಟ್ಟು, ಉಸಿರಿನ ಜೊತೆಗೆ ಗಂಟಲಿನ ನಾದವನ್ನೂ ಹೊರಡಿಸಿದರೆ ಅದು ಬರುತ್ತದೆ, ಇಂಗ್ಲಿಷಿನ 'ಪ್ಲೆಷರ್' ಪದದ ನಡುವೆ ಅದು ಕೇಳಿಸುತ್ತದೆ. ಟೋಪಿಯಿರುವ ಎಸ್ ಎಂದರೆ ಶಕಾರ. ಟೋಪಿಯಿರುವ ಎಚ್ ಬಹಳ ವಿರಳ. ಅದನ್ನು ಖಕಾರದ ಸ್ಥಾನದಲ್ಲಿ, ಆದರೆ ಗಂಟಲನ್ನು ಪೂರ್ತಿ ಮುಚ್ಚದೆ ಗಾಳಿ ಉಜ್ಜಿಕೊಂಡು ಹೋಗುವಂತೆ ನುಡಿಯಬೇಕು. ವಿರಳವೆಂದು ಅದನ್ನು ಕಕಾರ ಮಾಡಿಬಿಡುವಂತಿಲ್ಲ: ಕಕಾರವಿದ್ದರೆ 'ಎಕೊ' ಎಂಬುದಕ್ಕೆ ಆರಂಭ ಎಂಬ ಅರ್ಥ, ಈ ಧ್ವನಿಯಿದ್ದರೆ ಪ್ರತಿಧ್ವನಿ ಎಂಬ ಅರ್ಥ.

ಫ಼ ಮತ್ತು ಜ಼ ಧ್ವನಿಗಳನ್ನು ಪ, ಜಗಳಿಂದ ಬೇರ್ಪಡಿಸಿ ಹೇಳುವುದನ್ನು ರೂಢಿಸಿಕೊಳ್ಳಲೇಬೇಕು. 'ಫ಼ಿನೊ' ಎಂದರೆ ಕೊನೆ, 'ಪಿನೊ' ಎಂದರೆ ಪೈನ್ ಮರ. 'ರೊಜ಼ೊ' ಎಂದರೆ ಗುಲಾಬಿ, 'ರೊಸೊ' ಎಂದರೆ ಇಬ್ಬನಿ. ಹಕಾರವನ್ನು ನುಂಗುವಂತೆಯೂ ಇಲ್ಲ, ಏಕೆಂದರೆ 'ಹಾರೊ' ಎಂದರೆ ಕೂದಲು, 'ಆರೊ' ಎಂದರೆ ಗುಂಪು. ಬಟ್ಟಲಿನ ಗೆರೆಯುಳ್ಳ ಯು ಹೆಚ್ಚಾಗಿ ಆ ಮತ್ತು ಎ ಸ್ವರಗಳ ಬೆನ್ನಿಗೇ ಬಂದು ಅವುಗಳೊಡನೆ ಒಂದೇ ಉಸಿರಿನಲ್ಲಿ ಸೇರುತ್ತದೆ: 'ಆಂತಾವ್' (ಮುಂದೆ), 'ಎವ್ರೊಪೊ' (ಯೂರೋಪು).

ವ್ಯಂಜನದಿಂದ ಕೊನೆಯಾಗುವ ಪದಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 'ಬಸ್' ಎಂಬುದನ್ನು 'ಬಸ್ಸು' ಮಾಡಿಕೊಂಡ ಭಾಷೆ ನಮ್ಮದು. ಎಸ್ಪೆರಾಂತೊವಿನಲ್ಲಿ 'ಲೆಗಾಸ್' (ಓದುತ್ತಾನೆ) ಎಂಬುದರ ಕೊನೆಗೆ ಒಂದು ಉಕಾರ ನುಸುಳಿದರೆ ಕೇಳುವವನ ಕಿವಿಗೆ ಅದು ಬೇರೊಂದು ಪ್ರತ್ಯಯದಂತೆ ಕೇಳಬಹುದು, ಏಕೆಂದರೆ ಉಕಾರವೇ ಇಲ್ಲಿ ವಿಧ್ಯರ್ಥದ ಪ್ರತ್ಯಯ. ಹಾಗೆಯೇ ಪದದ ಮೊದಲಿಗೆ ಒತ್ತಕ್ಷರ ಬಂದಾಗ 'ಇಸ್ಕೂಲು' ಎನ್ನುವಂತೆ ಇಕಾರವನ್ನು ಸೇರಿಸಬೇಡಿ: 'ಸ್ತೆಲೊ' (ನಕ್ಷತ್ರ), 'ಸ್ಕ್ರಿಬಿ' (ಬರೆಯುವುದು). ಇಂಥವುಗಳಲ್ಲಿ ಅತ್ಯಂತ ಕಠಿಣವಾದುದು 'ತಿಳಿದಿರುವುದು' ಎಂಬರ್ಥದ 'ಸ್ತ್ಸಿಇ'. ಅದನ್ನು ಒಂಟಿಯಾಗಿ ಅಭ್ಯಾಸ ಮಾಡುವುದಕ್ಕಿಂತ 'ಮಿ ಸ್ತ್ಸಿಆಸ್' (ನನಗೆ ಗೊತ್ತು) ಎಂಬ ವಾಕ್ಯವನ್ನು 'ಮಿಸ್-ತ್ಸಿ-ಆಸ್' ಎಂದು ಒಡೆದು ನುಡಿದರೆ ನಾಲಿಗೆ ಸುಲಭವಾಗಿ ಹೊರಳುತ್ತದೆ. ದ್ವಿತ್ವಗಳು ನಮಗೆ ತೊಂದರೆ ಕೊಡುವುದಿಲ್ಲ; 'ಮಾಲ್ಲೊಂಗಾ' (ಗಿಡ್ಡ) ಎಂಬುದರ ಎರಡು ಲಕಾರಗಳನ್ನು ಕನ್ನಡಿಗರು ಕಲಿಸದೆಯೇ ಸರಿಯಾಗಿ ಹೇಳುತ್ತಾರೆ.

ಸ್ವರಾಘಾತ

ನಿಯಮ ಒಂದೇ: ಕೊನೆಯಿಂದ ಎರಡನೆಯ ಸ್ವರದ ಮೇಲೆ ಬಲ ಬೀಳಬೇಕು. ಇದಕ್ಕೆ ಅಪವಾದವಿಲ್ಲ. 'ಎಸ್-ಪೆ-ರಾನ್-ತೊ' ಎಂಬಲ್ಲಿ ಬಲ 'ರಾನ್' ಮೇಲೆ, 'ಆ-ಮಿ-ಕೊ' ಎಂಬಲ್ಲಿ 'ಮಿ' ಮೇಲೆ. ಪರಿಚಿತ ಪದಗಳೇ ಇಲ್ಲಿ ಹೆಚ್ಚು ಕಾಡುತ್ತವೆ. 'ರಾದಿಒ' ಎಂಬುದರಲ್ಲಿ ಬಲ 'ದಿ' ಮೇಲೆ, 'ತೆಲೆಫ಼ೊನೊ' ಎಂಬುದರಲ್ಲಿ 'ಫ಼ೊ' ಮೇಲೆ, 'ಫ಼ಾಮಿಲಿಒ' (ಕುಟುಂಬ) ಎಂಬುದರಲ್ಲಿ 'ಲಿ' ಮೇಲೆ. ಇಂಗ್ಲಿಷಿನ ನೆನಪು ಇವುಗಳೆಲ್ಲದರಲ್ಲೂ ಬಲವನ್ನು ಪದದ ಮೊದಲಿಗೆ ಎಳೆಯುತ್ತದೆ. ಯಕಾರ ಮತ್ತು ಬಟ್ಟಲಿನ ಯು ಸ್ವರಗಳಲ್ಲವಾದ್ದರಿಂದ ಅವುಗಳನ್ನು ಎಣಿಸಬಾರದು: 'ಆಮಿಕೊಯ್' (ಸ್ನೇಹಿತರು) ಎಂದಾಗಲೂ ಬಲ 'ಮಿ' ಮೇಲೆಯೇ ಉಳಿಯುತ್ತದೆ, 'ಹೊದಿಆವ್' (ಇಂದು) ಎಂಬುದರಲ್ಲಿ 'ದಿ' ಮೇಲೆ ಬೀಳುತ್ತದೆ. ಸ್ವರವುಳ್ಳ ಪ್ರತ್ಯಯ ನಡುವೆ ಸೇರಿದರೆ ಬಲ ಮುಂದಕ್ಕೆ ಸರಿಯುತ್ತದೆ: 'ಆಮಿಕಿನೊ' (ಸ್ನೇಹಿತೆ) ಎಂಬುದರಲ್ಲಿ ಅದು 'ಕಿ' ಮೇಲಿದೆ.

ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಬಲ ಕೊಟ್ಟು ಮಾತಾಡುವ ನಮಗೆ ಆರಂಭದಲ್ಲಿ ಬಲ ಬಿದ್ದ ಸ್ವರವನ್ನು ತುಸು ಎಳೆದು ಹೇಳುವುದು ಒಳ್ಳೆಯ ಉಪಾಯ. 'ಆಮೀಕೊ', 'ಆಮಿಕೀನೊ', 'ರಾದೀಒ' ಎಂದು ಟಿಪ್ಪಣಿ ಪುಸ್ತಕದಲ್ಲಿ ದೀರ್ಘ ಹಾಕಿ ಬರೆದುಕೊಂಡು ಗಟ್ಟಿಯಾಗಿ ಓದಿ. ಬಲವಿಲ್ಲದ ಸ್ವರಗಳನ್ನು ಮಾತ್ರ ಇಂಗ್ಲಿಷಿನಂತೆ ಮಸುಕಾಗಿಸಬಾರದು. ಅವುಗಳ ಸ್ಪಷ್ಟತೆಯನ್ನು ಕನ್ನಡದಲ್ಲಿರುವಂತೆಯೇ ಕಾಪಾಡಿಕೊಳ್ಳಿ.

ಪದದ ಕೊನೆ ಹೇಳುವುದೇನು

ನಾಮಪದ ಒಕಾರದಿಂದ, ವಿಶೇಷಣ ಆಕಾರದಿಂದ, ಧಾತುವಿನಿಂದ ಹುಟ್ಟಿದ ಕ್ರಿಯಾವಿಶೇಷಣ ಎಕಾರದಿಂದ, ಕ್ರಿಯಾಪದದ ಮೂಲರೂಪ ಇಕಾರದಿಂದ ಕೊನೆಯಾಗುತ್ತವೆ. 'ಪಾರೊಲ್' ಎಂಬ ಧಾತುವಿನಿಂದ 'ಪಾರೊಲೊ' (ಮಾತು), 'ಪಾರೊಲಾ' (ಮಾತಿನ), 'ಪಾರೊಲೆ' (ಮಾತಿನ ಮೂಲಕ), 'ಪಾರೊಲಿ' (ಮಾತಾಡುವುದು). ಬಹುವಚನಕ್ಕೆ ಯಕಾರವನ್ನೂ ದ್ವಿತೀಯಾ ವಿಭಕ್ತಿಗೆ ನಕಾರವನ್ನೂ ಕೊನೆಗೆ ಸೇರಿಸಬೇಕು, ಎರಡೂ ಬಂದರೆ ಯಕಾರ ಮೊದಲು: 'ಲಿಬ್ರೊ' (ಪುಸ್ತಕ), 'ಲಿಬ್ರೊಯ್' (ಪುಸ್ತಕಗಳು), 'ಲಿಬ್ರೊಯ್ನ್' (ಪುಸ್ತಕಗಳನ್ನು). ಕನ್ನಡದ 'ಗಳು', 'ಅನ್ನು' ಪ್ರತ್ಯಯಗಳ ಕ್ರಮವೂ ಇದೇ ಆಗಿದೆ.

ನಕಾರದ ಅರ್ಥ ನಮಗೆ ತಟ್ಟನೆ ತಿಳಿಯುತ್ತದೆ, ಆದರೆ ಬಳಕೆಯಲ್ಲಿ ತಪ್ಪುತ್ತದೆ. 'ನಾನು ಪುಸ್ತಕ ಓದಿದೆ' ಎನ್ನುವಾಗ ನಾವು ನಿರ್ಜೀವ ವಸ್ತುವಿನ 'ಅನ್ನು' ಪ್ರತ್ಯಯವನ್ನು ಬಿಟ್ಟುಬಿಡುತ್ತೇವೆ. ಎಸ್ಪೆರಾಂತೊವಿನಲ್ಲಿ ಅದನ್ನು ಬಿಡುವಂತಿಲ್ಲ: 'ಮಿ ಲೆಗಿಸ್ ಲಿಬ್ರೊನ್'. ವಿಶೇಷಣವೂ ತಾನು ವಿಶೇಷಿಸುವ ನಾಮಪದದ ವಚನ, ವಿಭಕ್ತಿಗಳನ್ನು ಹೊರಬೇಕು. 'ನಾನು ಸುಂದರ ಹೂಗಳನ್ನು ನೋಡುತ್ತೇನೆ' ಎಂಬುದು 'ಮಿ ವಿದಾಸ್ ಬೆಲಾಯ್ನ್ ಫ಼್ಲೊರೊಯ್ನ್' ಆಗುತ್ತದೆ. ಕನ್ನಡದಲ್ಲಿ ವಿಶೇಷಣ ಕದಲುವುದಿಲ್ಲವಾದ್ದರಿಂದ ಇಲ್ಲಿ ಬಹಳ ಕಾಲ ತಪ್ಪುಗಳಾಗುತ್ತವೆ. ಈ ಪ್ರತ್ಯಯಗಳ ಫಲವಾಗಿ ಪದಗಳ ಕ್ರಮ ಸಡಿಲವಾಗುತ್ತದೆ: 'ಲಾ ಕ್ನಾಬೊ ಸೆರ್ಚಾಸ್ ಲಾ ಕಾತೊನ್' ಎಂದರೂ 'ಲಾ ಕಾತೊನ್ ಸೆರ್ಚಾಸ್ ಲಾ ಕ್ನಾಬೊ' ಎಂದರೂ ಬೆಕ್ಕನ್ನು ಹುಡುಕುತ್ತಿರುವವನು ಹುಡುಗನೇ. ಕನ್ನಡದಂತೆ ಕ್ರಿಯಾಪದವನ್ನು ಕೊನೆಗಿಟ್ಟರೂ ತಪ್ಪಲ್ಲ, ಆದರೆ ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮವೇ ಹೆಚ್ಚು ಬಳಕೆಯಲ್ಲಿದೆ.

ಉಳಿದ ವಿಭಕ್ತಿಗಳ ಕೆಲಸವನ್ನು ನಾಮಪದದ ಮುಂಚೆ ಬರುವ ಸಣ್ಣ ಪದಗಳು ಮಾಡುತ್ತವೆ: 'ಎನ್ ಲಾ ದೊಮೊ' (ಮನೆಯಲ್ಲಿ), 'ಆಲ್ ಲಾ ದೊಮೊ' (ಮನೆಗೆ), 'ದೆ ಲಾ ದೊಮೊ' (ಮನೆಯ, ಮನೆಯಿಂದ). ಇವುಗಳ ಮುಂದೆ ಸಾಮಾನ್ಯವಾಗಿ ನಕಾರ ಬರುವುದಿಲ್ಲ. ಬಂದರೆ ಚಲನೆಯ ದಿಕ್ಕನ್ನು ಸೂಚಿಸುತ್ತದೆ: 'ಲಿ ಕುರಾಸ್ ಎನ್ ಲಾ ಜಾರ್ದೆನೊ' ಎಂದರೆ ಅವನು ತೋಟದಲ್ಲೇ ಓಡಾಡುತ್ತಿದ್ದಾನೆ, 'ಎನ್ ಲಾ ಜಾರ್ದೆನೊನ್' ಎಂದರೆ ತೋಟದೊಳಕ್ಕೆ ಓಡುತ್ತಿದ್ದಾನೆ.

'ಲಾ' ಎಂಬುದು ಕೇಳುವವರಿಗೆ ಈಗಾಗಲೇ ಗೊತ್ತಿರುವ ವಸ್ತುವನ್ನು ಸೂಚಿಸುವ ನಿರ್ದೇಶಕ ಪದ. ಕನ್ನಡದಲ್ಲಿ ಇದಕ್ಕೆ ಸರಿಸಮನಾದುದಿಲ್ಲ. ಅದು ಕಷ್ಟವೆನಿಸಿದವರು ಆರಂಭದಲ್ಲಿ ಅದನ್ನು ಬಳಸದೆಯೇ ಇರಬಹುದೆಂದು ಮೂಲ ನಿಯಮಗಳಲ್ಲಿ ಜ಼ಾಮೆನ್‌ಹೊಫ಼್ ಅವರೇ ಅನುಮತಿ ಕೊಟ್ಟಿದ್ದಾರೆ.

ಕ್ರಿಯಾಪದ ಮತ್ತು ಸರ್ವನಾಮ

ವರ್ತಮಾನಕ್ಕೆ 'ಆಸ್', ಭೂತಕ್ಕೆ 'ಇಸ್', ಭವಿಷ್ಯಕ್ಕೆ 'ಒಸ್', 'ಹೀಗಾಗಿದ್ದರೆ' ಎಂಬ ಕಲ್ಪನೆಗೆ 'ಉಸ್', ಆಜ್ಞೆ ಮತ್ತು ಇಚ್ಛೆಗೆ 'ಉ'. ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಯಾವ ಬದಲಾವಣೆಯೂ ಇಲ್ಲ. ಓದುತ್ತೇನೆ, ಓದುತ್ತೀಯೆ, ಓದುತ್ತಾಳೆ, ಓದುತ್ತವೆ ಎಂಬ ಎಲ್ಲಕ್ಕೂ 'ಲೆಗಾಸ್' ಒಂದೇ. ಇದರಿಂದಾಗಿ ಕನ್ನಡದಂತೆ ಸರ್ವನಾಮವನ್ನು ಬಿಟ್ಟು 'ಓದಿದೆ' ಎಂದಷ್ಟೇ ಹೇಳಲಾಗದು, 'ಮಿ ಲೆಗಿಸ್' ಎನ್ನಲೇಬೇಕು. 'ನಾಳೆ ಬರುತ್ತೇನೆ' ಎಂದು ನಾವು ವರ್ತಮಾನದ ರೂಪದಲ್ಲಿ ಭವಿಷ್ಯವನ್ನು ಹೇಳುವ ರೂಢಿಯೂ ಇಲ್ಲಿ ಸಲ್ಲುವುದಿಲ್ಲ: 'ಮಿ ವೆನೊಸ್ ಮೊರ್ಗಾವ್' ಎಂದು ಭವಿಷ್ಯದ ಪ್ರತ್ಯಯವನ್ನೇ ಹಾಕಬೇಕು. ವಿಧ್ಯರ್ಥ ಮಾತ್ರ ನಮಗೆ ತೀರ ಹತ್ತಿರದ್ದು. 'ಲೆಗು' ಎಂದರೆ ಓದು, 'ನಿ ಲೆಗು' ಎಂದರೆ ಓದೋಣ, 'ಲಿ ಲೆಗು' ಎಂದರೆ ಅವನು ಓದಲಿ.

'ಅವನು ವೈದ್ಯ' ಎಂದು ಕ್ರಿಯಾಪದವಿಲ್ಲದೆ ವಾಕ್ಯ ಮುಗಿಸುವುದು ಇಲ್ಲಿ ಸಾಧ್ಯವಿಲ್ಲ. 'ಲಿ ಎಸ್ತಾಸ್ ಕುರಾತ್ಸಿಸ್ತೊ' ಎನ್ನಬೇಕು, 'ಎಸ್ತಾಸ್' ಆದಮೇಲೆ ಬರುವ ಪದಕ್ಕೆ ನಕಾರ ಸೇರಿಸಬಾರದು. 'ನನಗೆ ಪುಸ್ತಕವಿದೆ' ಎಂಬ ಚತುರ್ಥಿಯ ರಚನೆ 'ಮಿ ಹಾವಾಸ್ ಲಿಬ್ರೊನ್' ಎಂದಾಗುತ್ತದೆ. ನಿಷೇಧಕ್ಕೆ 'ನೆ' ಎಂಬುದನ್ನು ಕ್ರಿಯಾಪದದ ಮುಂಚೆ ಇಟ್ಟರೆ ಸಾಕು. ಹೌದು, ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೆ ನಾವು ಕೊನೆಯಲ್ಲಿ ಆಕಾರ ಸೇರಿಸುವಂತೆ ಅವರು ಮೊದಲಿಗೆ 'ಚು' ಸೇರಿಸುತ್ತಾರೆ: 'ಚು ವಿ ಲೆಗಾಸ್?'

ಸರ್ವನಾಮಗಳು 'ಮಿ' (ನಾನು), 'ವಿ' (ನೀನು, ನೀವು), 'ಲಿ' (ಅವನು), 'ಶಿ' (ಅವಳು), 'ಜಿ' (ಅದು), 'ನಿ' (ನಾವು), 'ಇಲಿ' (ಅವರು, ಅವು). ಒಬ್ಬರನ್ನು ಗೌರವದಿಂದ 'ಅವರು' ಎನ್ನುವ ರೂಪ ಇಲ್ಲಿ ಇಲ್ಲ. ಆದರೆ 'ಸಿ' ಎಂಬ ಇನ್ನೊಂದು ಪದವಿದೆ, ಅದು ನಮ್ಮ 'ತಾನು'. 'ಲಿ ಲೆಗಾಸ್ ಸಿಆನ್ ಲಿಬ್ರೊನ್' ಎಂದರೆ ಅವನು ತನ್ನ ಪುಸ್ತಕವನ್ನು ಓದುತ್ತಾನೆ. 'ಲಿಆನ್ ಲಿಬ್ರೊನ್' ಎಂದರೆ ಅವನು ಓದುವುದು ಮತ್ತೊಬ್ಬನ ಪುಸ್ತಕ. ಇಂಗ್ಲಿಷಿನಿಂದ ಬಂದವರು ತಡವರಿಸುವ ಈ ಭೇದವನ್ನು ಕನ್ನಡಿಗರು 'ತನ್ನ', 'ಅವನ' ಎಂದು ಅನುವಾದಿಸಿಕೊಂಡರೆ ಮುಗಿಯಿತು. 'ಸಿ' ಪ್ರಥಮ ಪುರುಷಕ್ಕೆ ಮಾತ್ರ ಅನ್ವಯಿಸುತ್ತದೆ, ವಾಕ್ಯದ ಕರ್ತೃವಾಗಿ ಎಂದೂ ಬರುವುದಿಲ್ಲ ಎಂಬುದಷ್ಟನ್ನು ಗಮನದಲ್ಲಿಡಿ.

ಎಲ್ಲಿ, ಅಲ್ಲಿ, ಎಲ್ಲೋ

ಈ ಭಾಷೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ 45 ಪದಗಳ ಒಂದು ಕೋಷ್ಟಕ. ಐದು ಆರಂಭಗಳು, ಒಂಬತ್ತು ಅಂತ್ಯಗಳು. 'ಕಿ' ಪ್ರಶ್ನೆ, 'ತಿ' ನಿರ್ದೇಶ, 'ಇ' ಅನಿಶ್ಚಿತ, 'ಚಿ' ಸಮಸ್ತ, 'ನೆನಿ' ಅಭಾವ. ಎಲ್ಲಿ, ಅಲ್ಲಿ, ಹೇಗೆ, ಹಾಗೆ, ಎಷ್ಟು, ಅಷ್ಟು ಎಂದು ಜೋಡಿಸಿಯೇ ಮಾತು ಕಲಿತ ನಮಗೆ ಇದರ ತತ್ತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. 'ಕಿ' ಸಾಲನ್ನು ಕನ್ನಡದ ಪಕ್ಕದಲ್ಲಿಟ್ಟು ಓದಿ: 'ಕಿಉ' ಯಾರು, 'ಕಿಒ' ಏನು, 'ಕಿಆ' ಎಂಥ, 'ಕಿಎ' ಎಲ್ಲಿ, 'ಕಿಆಮ್' ಯಾವಾಗ, 'ಕಿಎಲ್' ಹೇಗೆ, 'ಕಿಆಲ್' ಏಕೆ, 'ಕಿಎಸ್' ಯಾರ, 'ಕಿಒಮ್' ಎಷ್ಟು. ಇದರಲ್ಲಿ 'ಕಿ' ತೆಗೆದು 'ತಿ' ಇಟ್ಟರೆ 'ತಿಎ' ಅಲ್ಲಿ, 'ತಿಆಮ್' ಆಗ, 'ತಿಎಲ್' ಹಾಗೆ, 'ತಿಒಮ್' ಅಷ್ಟು. ಇಲ್ಲಿ, ಹೀಗೆ ಎಂಬಂಥ ಸಮೀಪದ ಅರ್ಥಕ್ಕೆ 'ಚಿ' ಎಂಬ ಬಿಡಿಪದವನ್ನು ಜೊತೆಗಿಡುತ್ತಾರೆ: 'ಚಿ ತಿಎ' ಎಂದರೆ ಇಲ್ಲಿ. ಕನ್ನಡದ ಓಕಾರ ಮಾಡುವ ಕೆಲಸವನ್ನು 'ಇ' ಆರಂಭ ಮಾಡುತ್ತದೆ: 'ಇಎ' ಎಲ್ಲೋ, 'ಇಆಮ್' ಯಾವಾಗಲೋ, 'ಇಉ' ಯಾರೋ.

'ನೆನಿ' ಸಾಲಿನಲ್ಲಿ ಮಾತ್ರ ಎಚ್ಚರ. 'ನಾನು ಯಾರನ್ನೂ ನೋಡಲಿಲ್ಲ' ಎಂಬಲ್ಲಿ ನಮ್ಮ ನಿಷೇಧ ಕ್ರಿಯಾಪದದಲ್ಲಿದೆ. 'ಮಿ ವಿದಿಸ್ ನೆನಿಉನ್' ಎಂಬಲ್ಲಿ ಅದು ಸರ್ವನಾಮದಲ್ಲಿದೆ. ಅಲ್ಲಿಗೆ 'ನೆ' ಕೂಡ ಸೇರಿಸಿದರೆ ಎರಡು ನಿಷೇಧಗಳಾಗಿ ಅರ್ಥ ತಲೆಕೆಳಗಾಗುತ್ತದೆ.

ಪದಗಳನ್ನು ಕಟ್ಟುವುದು

'ಸಾನಾ' ಎಂದರೆ ಆರೋಗ್ಯವುಳ್ಳ. ವಿರುದ್ಧಾರ್ಥ ಕೊಡುವ 'ಮಾಲ್' ಸೇರಿಸಿದರೆ 'ಮಾಲ್ಸಾನಾ' (ಕಾಯಿಲೆಯ), ವ್ಯಕ್ತಿಯನ್ನು ಸೂಚಿಸುವ 'ಉಲ್' ಸೇರಿಸಿದರೆ 'ಮಾಲ್ಸಾನುಲೊ' (ರೋಗಿ), ಸ್ಥಳವನ್ನು ಸೂಚಿಸುವ 'ಎಯ್' ಸೇರಿಸಿದರೆ 'ಮಾಲ್ಸಾನುಲೆಯೊ' (ಆಸ್ಪತ್ರೆ). ಒಂದು ಧಾತುವನ್ನು ಕಲಿತವರಿಗೆ ಇಷ್ಟೂ ಪದಗಳು ದಕ್ಕುತ್ತವೆ. ಪ್ರತ್ಯಯದ ಮೇಲೆ ಪ್ರತ್ಯಯ ಹೇರುವ ಭಾಷೆಯ ನಾವು ಇಲ್ಲಿ ಧೈರ್ಯವಾಗಿ ಮುಂದುವರಿಯಬಹುದು. ಆದರೆ ಧಾತುವಿನ ಮೂಲ ಅರ್ಥ ವಸ್ತುವೋ ಕ್ರಿಯೆಯೋ ಎಂಬುದನ್ನು ನಿಘಂಟಿನಲ್ಲಿ ನೋಡಿಕೊಳ್ಳಬೇಕು. 'ಬ್ರೊಸೊ' ಎಂದರೆ ಬ್ರಷ್ ಎಂಬ ವಸ್ತು, ಅದರಿಂದ 'ಬ್ರೊಸಿ' ಎಂದರೆ ಬ್ರಷ್‌ನಿಂದ ಉಜ್ಜುವುದು. 'ಕೊಂಬಿ' ಎಂಬುದು ಮೊದಲೇ 'ತಲೆ ಬಾಚುವುದು' ಎಂಬ ಕ್ರಿಯೆ. ಆದ್ದರಿಂದ 'ಕೊಂಬೊ' ಎಂದರೆ ಬಾಚುವಿಕೆ, ಬಾಚಣಿಗೆ ಬೇಕಾದರೆ ಸಾಧನವನ್ನು ಸೂಚಿಸುವ 'ಇಲ್' ಸೇರಿಸಿ 'ಕೊಂಬಿಲೊ' ಎನ್ನಬೇಕು.

ಸಂಖ್ಯೆಗಳಿಗೆ ಹನ್ನೆರಡು ಪದಗಳು ಬಹುಕಾಲ ಸಾಕಾಗುತ್ತವೆ: 'ಉನು, ದು, ತ್ರಿ, ಕ್ವಾರ್, ಕ್ವಿನ್, ಸೆಸ್, ಸೆಪ್, ಒಕ್, ನಾವ್, ದೆಕ್', ನೂರಕ್ಕೆ 'ತ್ಸೆಂತ್', ಸಾವಿರಕ್ಕೆ 'ಮಿಲ್'. 1887 ಎಂಬುದು 'ಮಿಲ್ ಒಕ್ತ್ಸೆಂತ್ ಒಕ್ದೆಕ್ ಸೆಪ್'. ಇವಕ್ಕೆ ನಕಾರವೂ ಯಕಾರವೂ ಸೇರುವುದಿಲ್ಲ.

ಅಭ್ಯಾಸದ ಕ್ರಮ

ಮೊದಲ ವಾರವನ್ನು ಗಟ್ಟಿಯಾಗಿ ಓದುವುದಕ್ಕೇ ಮೀಸಲಿಡಿ, ಅರ್ಥದ ಚಿಂತೆ ಬೇಡ. ಓದಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಪದಾಂತ್ಯದಲ್ಲಿ ಉಕಾರ ನುಸುಳಿದೆಯೇ, ಬಲ ಸರಿಯಾದ ಸ್ವರದ ಮೇಲೆ ಬಿದ್ದಿದೆಯೇ ಎಂಬ ಎರಡನ್ನು ಮಾತ್ರ ಕೇಳಿಸಿಕೊಳ್ಳಿ. ಅನಂತರ ಒಂದು ಚಿಕ್ಕ ವಾಕ್ಯವನ್ನು ಹಿಡಿದು ಅದರ ಒಂದೊಂದೇ ಅಂಶವನ್ನು ಬದಲಿಸುತ್ತ ಹೋಗಿ: ಕಾಲ, ವಚನ, ವಿಶೇಷಣ, ನಿಷೇಧ, ಪ್ರಶ್ನೆ. 2002ರಿಂದ ಇರುವ 'ಲೆರ್ನು' ಎಂಬ ಉಚಿತ ಜಾಲತಾಣದಲ್ಲಿ ಪಾಠಗಳೂ ಧ್ವನಿಮುದ್ರಣಗಳೂ ಇವೆ. ಅಲ್ಲಿನ ಉಚ್ಚಾರಣೆಗೆ ನಿಮ್ಮದನ್ನು ಹೋಲಿಸಿ ನೋಡಿ.

ಕೊನೆಯದಾಗಿ ಅಭ್ಯಾಸಕ್ಕೆ ತೆಗೆದುಕೊಳ್ಳಬೇಕಾದುದು ಕನ್ನಡದ ಕೃದಂತ ವಾಕ್ಯಗಳನ್ನು ಬಿಡಿಸುವ ಕ್ರಮ. 'ನಾನು ಓದಿದ ಪುಸ್ತಕ ಚೆನ್ನಾಗಿದೆ' ಎಂಬುದನ್ನು ಅದೇ ಕ್ರಮದಲ್ಲಿ ಕಟ್ಟಲು ಹೋಗದೆ, ಪುಸ್ತಕವನ್ನು ಮೊದಲು ಹೇಳಿ, 'ಯಾವುದನ್ನು ನಾನು ಓದಿದೆನೋ' ಎಂಬುದನ್ನು ಅದರ ಬೆನ್ನಿಗೆ ಇಡಬೇಕು: 'ಲಾ ಲಿಬ್ರೊ, ಕಿಉನ್ ಮಿ ಲೆಗಿಸ್, ಎಸ್ತಾಸ್ ಬೊನಾ'. ಓದಿದ್ದು ಪುಸ್ತಕವನ್ನಾದ್ದರಿಂದ 'ಕಿಉ' ಪದಕ್ಕೆ ನಕಾರ ಬಂದಿದೆ. ಚೆನ್ನಾಗಿರುವುದು ಪುಸ್ತಕವಾದ್ದರಿಂದ 'ಲಿಬ್ರೊ' ಪದಕ್ಕೆ ಬಂದಿಲ್ಲ. ಈ ಮಾದರಿಯಲ್ಲಿ 'ನೀನು ಬರೆದ ಮಾತು', 'ಅವಳು ನೋಡಿದ ಹೂಗಳು', 'ನಾವು ಹುಡುಕಿದ ಬೆಕ್ಕು' ಎಂಬ ಮೂರನ್ನೂ ಪೂರ್ಣ ವಾಕ್ಯಗಳಾಗಿಸಿ ಬರೆಯಿರಿ. ಎರಡನೆಯದರಲ್ಲಿ 'ಕಿಉಯ್ನ್' ಎಂಬ ರೂಪ ತಾನಾಗಿ ಬಂದರೆ ಯಕಾರ, ನಕಾರಗಳ ಪಾಠ ಕೈವಶವಾಗಿದೆ ಎಂದು ತಿಳಿಯಬಹುದು.